ಆಯತಘನದ ಕರ್ಣ

ಆಯತಘನದ ಒಂದು ಮೂಲೆಯಿಂದ ಒಳಭಾಗದ ಮೂಲಕ ತೀರ ಎದುರಿನ ಮೂಲೆಗೆ ಎಳೆದ ಸರಳರೇಖೆಯೇ ಆಯತಘನದ ಕರ್ಣ. ಪೈಥಾಗೊರಸ್‌ನ ಪ್ರಮೇಯವನ್ನು ಎರಡು ಬಾರಿ ಅನ್ವಯಿಸಿ ಇದರ ಉದ್ದವನ್ನು ಕಂಡುಹಿಡಿಯಬಹುದು.

ಉದಾಹರಣೆಗೆ, ಒಂದು ಕೋಣೆಯ ಉದ್ದ 12 ಅಡಿ, ಅಗಲ 9 ಅಡಿ, ಎತ್ತರ 8 ಅಡಿ ಇರಲಿ. ನೆಲದ ಕರ್ಣದ ವರ್ಗ 144 + 81 = 225; ಆದ್ದರಿಂದ ಆ ಕರ್ಣ 15 ಅಡಿ. ಗೋಡೆಗಳು ಕೂಡುವ ಅಂಚು ನೆಲಕ್ಕೆ ಲಂಬವಾಗಿರುವುದರಿಂದ, ಅದರ ಬುಡದಿಂದ ಹೊರಡುವ ನೆಲದ ಕರ್ಣಕ್ಕೂ ಲಂಬವಾಗಿರುತ್ತದೆ. ಹೀಗೆ ನೆಲದ ಕರ್ಣ, ಕೋಣೆಯ ಎತ್ತರ ಮತ್ತು ಕೋಣೆಯ ಕರ್ಣಗಳಿಂದ ಎರಡನೆಯ ಲಂಬಕೋನ ತ್ರಿಭುಜ ಉಂಟಾಗುತ್ತದೆ. 225 + 64 = 289; ಇದರ ವರ್ಗಮೂಲ 17. ಆದುದರಿಂದ ನೆಲದ ಮೇಲೆ ಮಲಗಿಸಲಾಗದ 16 ಅಡಿಯ ತೆಳುವಾದ ಬಿದಿರುಗೋಲು ಈ ಕೋಣೆಯಲ್ಲಿ ಓರೆಯಾಗಿ ಹಿಡಿಸುತ್ತದೆ.

ಒಟ್ಟಿನಲ್ಲಿ, ಕರ್ಣದ ವರ್ಗವು ಉದ್ದ, ಅಗಲ, ಎತ್ತರಗಳ ವರ್ಗಗಳ ಮೊತ್ತಕ್ಕೆ ಸಮ.