ಎರಡು ಸ್ಪೀಕರ್‌ಗಳ ನಡುವೆ

ಮಕ್ಕಳೇ, ನಿಮ್ಮ ತಾತ-ಅಜ್ಜಿಯರ ಕಾಲದಲ್ಲಿ ಹಾಡು ಕೇಳಲೂ ಜಾಗ ಬೇಕಿತ್ತು. ಹಜಾರದಲ್ಲಿ ಟೇಪ್ ಡೆಕ್, ಆಂಪ್ಲಿಫೈಯರ್, ಆಚೀಚೆ ಎರಡು ಸ್ಪೀಕರ್. ಎಡಕ್ಕೊಂದು, ಬಲಕ್ಕೊಂದು ಧ್ವನಿ ಹಂಚಿ ಬರುವುದರಿಂದ, ನಡುವೆ ಕುಳಿತವರಿಗೆ ಹಾಡುವವರು ಎದುರಿಗೇ ಇದ್ದಂತೆ ಅನ್ನಿಸುತ್ತಿತ್ತು. ಅದೇ ಸ್ಟೀರಿಯೋ.

ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಕ್ಯಾಸೆಟ್, ಮುಂದೆ ನಮ್ಮಂಥ ಸಂಬಳದಾರರ ಮನೆಗೂ ಬಂತು. 60 ನಿಮಿಷದ ಕ್ಯಾಸೆಟ್ ಆದರೆ 30 ನಿಮಿಷಕ್ಕೊಮ್ಮೆ ಎದ್ದು ಮಗುಚಬೇಕು. 1982ರಲ್ಲಿ ಸಿ.ಡಿ. ಬಂತು. ಈಗ ಕೋಟ್ಯಂತರ ಹಾಡುಗಳು ಮೊಬೈಲಿನಲ್ಲೇ ಸಿಗುತ್ತವೆ. ಬ್ಯಾಂಕಿನಲ್ಲಿ ಲೆಕ್ಕ ಬರೆದವನಾಗಿ ಹೇಳುತ್ತೇನೆ: ಜಮಾ ದೊಡ್ಡದು, ಆದರೆ ಖರ್ಚೂ ಇದೆ. ಮನೆಯಲ್ಲಿ ನಾಲ್ವರಿದ್ದರೆ ನಾಲ್ಕು ಇಯರ್‌ಫೋನ್. ಒಟ್ಟಿಗೆ ಕೇಳುವುದು ಕಡಿಮೆಯಾಯಿತು.

ನಮ್ಮಮ್ಮನ ಹಸೆ ಹಾಡುಗಳು ಯಾವ ಆ್ಯಪ್‌ನಲ್ಲೂ ಇಲ್ಲ; ನನ್ನಲ್ಲಿರುವ ಒಂದೇ ಕ್ಯಾಸೆಟ್ಟಿನಲ್ಲಿವೆ. ಟೇಪಿಗೆ ಬೂಷ್ಟು ಹಿಡಿಯುತ್ತದೆ, ಡೆಕ್ಕಿನ ರಬ್ಬರ್ ಬೆಲ್ಟ್ ಸಡಿಲವಾಗುತ್ತದೆ, ರಿಪೇರಿ ಮಾಡುವವರು ವಿರಳ. ಅದಕ್ಕೇ ಮೊಮ್ಮಗಳು ಡೆಕ್ಕಿನಿಂದ ಕಂಪ್ಯೂಟರಿಗೆ ತಂತಿ ಜೋಡಿಸಿ ಹಾಡುಗಳನ್ನು ಇಳಿಸುತ್ತಿದ್ದಾಳೆ.

“ತಾತ, ಮುತ್ತಜ್ಜಿ ಕೆಮ್ಮಿದ್ದೂ ಕೇಳಿಸುತ್ತೆ. ಅಳಿಸಲಾ?”

“ಬೇಡ ಪುಟ್ಟಿ, ಇರಲಿ.”

ನಿಮ್ಮ ಮನೆಯ ಅಟ್ಟದಲ್ಲೂ ಒಮ್ಮೆ ಹುಡುಕಿ. ಡೆಕ್ ಓಡುತ್ತಿರುವಾಗಲೇ ಆ ದನಿಗಳನ್ನು ಉಳಿಸಿಕೊಳ್ಳಿ.