ನೀರಿಗೆ ನಮ್ಮ ರಸ್ತೇನೇ ಯಾಕಿಷ್ಟ?

ಬೆಂಗಳೂರಿನಲ್ಲಿ ಒಂದು ಗಂಟೆ ಜೋರು ಮಳೆ ಬಂದರೆ ಸಾಕು, ನಮ್ಮ ಮನೆ ಮುಂದೆ ಮೊಣಕಾಲುದ್ದ ನೀರು. ಶಾಲೆಯ ವ್ಯಾನು ಒಳಗೆ ಬರುವುದಿಲ್ಲ. ಕಳೆದ ಮಳೆಗಾಲದಲ್ಲಿ ಮಗಳನ್ನು ಹೆಗಲ ಮೇಲೆ ಹೊತ್ತು ದಾಟಿಸುತ್ತಿದ್ದಾಗ ಕೇಳಿದಳು: “ಅಪ್ಪಾ, ಮೇಲಿನ ರಸ್ತೇಲಿ ನೀರೇ ನಿಂತಿಲ್ಲ. ನೀರಿಗೆ ನಮ್ಮ ರಸ್ತೇನೇ ಯಾಕಿಷ್ಟ?”

ನಕ್ಷೆ ತಯಾರಿಸುವುದೇ ನನ್ನ ಕೆಲಸ. ಆದರೂ ಉತ್ತರ ಗೊತ್ತಿರಲಿಲ್ಲ!

ಆ ರಾತ್ರಿ ನಮ್ಮ ಬಡಾವಣೆಯ ಏರುತಗ್ಗುಗಳ ನಕ್ಷೆಯ ಮೇಲೆ ಹಳೆಯ ಗ್ರಾಮನಕ್ಷೆಯನ್ನು ಇಟ್ಟು ನೋಡಿದೆ. ನಮ್ಮ ರಸ್ತೆ ಇರುವ ಕಡೆಯೇ ಹಿಂದೆ ಕಾಲುವೆ ಹರಿಯುತ್ತಿತ್ತು. ಬೆಂಗಳೂರಿನಲ್ಲಿ ಒಂದು ಕೆರೆ ತುಂಬಿದರೆ ಕೋಡಿ ಹರಿದು, ರಾಜಕಾಲುವೆಯ ಮೂಲಕ ಕೆಳಗಿನ ಕೆರೆಗೆ ನೀರು ಸೇರುತ್ತಿತ್ತು. ಎಷ್ಟೋ ಕೆರೆಗಳು ಈಗಿಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣವಿರುವುದೂ ಧರ್ಮಾಂಬುಧಿ ಕೆರೆಯಿದ್ದ ಜಾಗದಲ್ಲೇ. ಕೆರೆ ಹೋದರೂ ಇಳಿಜಾರು ಹೋಗುವುದಿಲ್ಲವಲ್ಲ!

ನೀರು ಎಲ್ಲಿ ಸೇರುತ್ತದೆ ಎಂದು ನಕ್ಷೆ ಹೇಳಿತು. ಎಷ್ಟು ಸೇರುತ್ತದೆ? ಒಂದು ಹೆಕ್ಟೇರ್ ಜಾಗದಲ್ಲಿ 50 ಮಿ.ಮೀ. ಮಳೆ ಬಿದ್ದರೆ 5 ಲಕ್ಷ ಲೀಟರ್. ಅಂದರೆ 10 ಸಾವಿರ ಲೀಟರಿನ 50 ಟ್ಯಾಂಕರ್! ಮಣ್ಣಾದರೆ ಒಂದಷ್ಟು ಹೀರುತ್ತದೆ. ಕಾಂಕ್ರೀಟು, ಡಾಂಬರು ಬಹುಪಾಲು ಚರಂಡಿಗೇ ತಳ್ಳುತ್ತವೆ.

ಈ ಲೆಕ್ಕಕ್ಕೊಂದು ತಂತ್ರಾಂಶವಿದೆ, ಹೆಸರು ‘ಸ್ವಮ್‌’. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯದು. 1971ರಲ್ಲಿ ಮೊದಲು ಬಂತು. ಈಗ ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಚರಂಡಿಯ ಅಗಲ, ಆಳ, ಇಳಿಜಾರು, ಮಳೆಯ ಪ್ರಮಾಣ ಕೊಟ್ಟರೆ ಕಂಪ್ಯೂಟರಿನೊಳಗೇ ಮಳೆ ಸುರಿಯುತ್ತದೆ.

ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸುರಿಸಿದೆ. ಮೊದಲು ಚರಂಡಿಯ ಹೂಳು ತೆಗೆದೆವು. ನೀರು ಸ್ವಲ್ಪವೇ ಇಳಿಯಿತು. ಮುಂದಿನ ಮೋರಿ ಕಿರಿದಾಗಿತ್ತು. ಮೋರಿ ದೊಡ್ಡದು ಮಾಡಿದೆವು. ನಮ್ಮ ರಸ್ತೆ ಬರಿದಾಯಿತು!

ಮಗಳು ಚಪ್ಪಾಳೆ ತಟ್ಟಿ, ತಕ್ಷಣ ನಿಲ್ಲಿಸಿದಳು. “ಅಪ್ಪಾ, ಕೆಳಗಿನ ಬೀದಿ ಮುಳುಗ್ತಿದೆ. ಅಲ್ಲಿ ನನ್ನ ಫ್ರೆಂಡ್ ಮನೆ ಇದೆ.”

ಮೂರನೆಯ ಸಲ ಮೇಲಿನ ರಸ್ತೆಗಳಲ್ಲಿ ಮನೆಗೊಂದು ಇಂಗುಗುಂಡಿ, ಪಾರ್ಕಿನಲ್ಲೊಂದು ಹೊಂಡ ಸೇರಿಸಿದೆವು. ನೀರು ನಿಧಾನವಾಗಿ ಬಂತು. ಎರಡೂ ಬೀದಿಗಳಲ್ಲಿ ಇಳಿಯಿತು.

ಮುಳುಗುವವರು ನಾವು, ಗುಂಡಿ ತೋಡಬೇಕಾದವರು ಮೇಲಿನವರು. ಭಾನುವಾರ ನಕ್ಷೆ ಹಿಡಿದು ಅವರ ಮನೆಗಳಿಗೆ ಹೋದೆವು. “ನಮಗೇನು ತೊಂದರೆಯಿಲ್ಲವಲ್ಲ” ಎಂದವರೂ ಇದ್ದರು. ಆದರೆ ಮೂರು ಮನೆಯವರು ಒಪ್ಪಿದ್ದಾರೆ. ನಾಲ್ಕನೆಯ ಗುಂಡಿ ನಮ್ಮ ಅಂಗಳದಲ್ಲೇ. ನಾವೂ ಯಾರಿಗೋ ಮೇಲಿನವರೇ ತಾನೇ?