ನೆಮ್ಮಾರ್: ನಾಳೆಯ ಲೆಕ್ಕ ಬರೆದಿಡಬೇಕಾದ ಊರು

ಶೃಂಗೇರಿ ಪೇಟೆ ದಾಟಿ ಕಾರ್ಕಳದ ಕಡೆ ಹೊರಟರೆ ತುಂಗೆ ಜೊತೆಗೇ ಬರುತ್ತಾಳೆ. ಕಾಗದದ ಮೇಲೆ ಈ ದಾರಿ ರಾಷ್ಟ್ರೀಯ ಹೆದ್ದಾರಿ 169. ಓಡಾಡುವವರ ಬಾಯಲ್ಲಿ ಮಾತ್ರ ಇದು ಕೆರೆಕಟ್ಟೆ ರಸ್ತೆ. ಒಂದು ಮಗ್ಗುಲಿಗೆ ಹೊಳೆ, ಇನ್ನೊಂದು ಮಗ್ಗುಲಿಗೆ ಗುಡ್ಡ, ನಡುವೆ ತಗ್ಗು ಸಿಕ್ಕಲ್ಲೆಲ್ಲ ಅಡಿಕೆ ತೋಟ, ತೋಟದ ತಲೆಗೆ ಒಂದೊಂದು ಮನೆ. ನೆಮ್ಮಾರ್ ಇರುವುದು ಹೀಗೆ, ಚದುರಿಕೊಂಡು. ಇಲ್ಲಿಂದ ಮುಂದೆ ಕಾಡು ಒತ್ತಾಗುತ್ತದೆ. ಕೆರೆಕಟ್ಟೆ, ಆಮೇಲೆ ಎಸ್.ಕೆ. ಬಾರ್ಡರ್. ಸೌತ್ ಕೆನರಾ ಎಂಬ ಜಿಲ್ಲೆಯ ಹೆಸರು ಹೋಗಿ ದಕ್ಷಿಣ ಕನ್ನಡವಾಯಿತು, ಅದೂ ಒಡೆದು 1997ರಲ್ಲಿ ಉಡುಪಿ ಬೇರೆಯಾಯಿತು. ಗಡಿಯ ಹೆಸರು ಮಾತ್ರ ಇಂದಿಗೂ ಎಸ್.ಕೆ. ಬಾರ್ಡರ್. ಅಲ್ಲಿಂದ ಘಾಟಿ ಇಳಿದರೆ ಮಾಳ. ಈ ಬರಹಕ್ಕೆ ನೆಮ್ಮಾರ್ ಎಷ್ಟು ಬೇಕೋ ಮಾಳವೂ ಅಷ್ಟೇ ಬೇಕು.

ನೆಮ್ಮಾರಿನಂಥ ಊರಿನಲ್ಲಿ ಯಾರ ಮನೆ ಜಗಲಿಯಲ್ಲಿ ಕೂತರೂ ಮಾತು ಮೂರು ಸುತ್ತಿನಲ್ಲಿ ಒಂದೇ ಕಡೆ ಬಂದು ನಿಲ್ಲುತ್ತದೆ: ಮುಂದೇನು? ಅಡಿಕೆಯ ಎಲೆಚುಕ್ಕೆ ರೋಗ ಈ ವರ್ಷ ಎಷ್ಟು ಮೇಲೇರಿತು, ಮದ್ದು ಹೊಡೆಯಲು ಕೊನೆಗಾರರು ಸಿಕ್ಕರಾ, ಮಗ ಬೆಂಗಳೂರಿನಿಂದ ವಾಪಸ್ ಬರುತ್ತಾನಾ. ಅಡಿಕೆ ಸಸಿ ನೆಟ್ಟರೆ ಫಸಲಿಗೆ ಐದಾರು ವರ್ಷ ಕಾಯಬೇಕು, ಮರ ನಾಲ್ಕೈದು ದಶಕ ನಿಲ್ಲುತ್ತದೆ. ಅಂದಮೇಲೆ ಇಲ್ಲಿನ ಕೃಷಿಕ ನೆಡುವಾಗಲೇ ಮೊಮ್ಮಕ್ಕಳ ಕಾಲದ ಬೆಲೆ, ಮಳೆ, ಕೂಲಿ ಎಲ್ಲವನ್ನೂ ಒಮ್ಮೆ ಊಹಿಸಿಯೇ ಇರುತ್ತಾನೆ.

ಊಹೆಗೆ ಆಧಾರವೂ ಇಲ್ಲಿದೆ. ಈ ಸೀಮೆಯ ಹಲವು ತೋಟದ ಮನೆಗಳಲ್ಲಿ ಒಂದು ಮಳೆಪುಸ್ತಕ ಇರುತ್ತದೆ. ಅಂಗಳದ ಬದಿಯಲ್ಲಿ, ಮರದ ಹನಿ ಬೀಳದ ಜಾಗದಲ್ಲಿ ಮಳೆಮಾಪಕ. ಬೆಳಿಗ್ಗೆ ಕೊಟ್ಟಿಗೆ ಕೆಲಸ ಮುಗಿಸಿ, ಕಂಬಳಿಕೊಪ್ಪೆ ಹಾಕಿಕೊಂಡು ಹೋಗಿ, ಡಬ್ಬಿಯ ನೀರನ್ನು ಅಳತೆಯ ಗಾಜಿಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಒಳಗೆ ಬಂದು ಬರೆಯುವುದು. ಲೆಕ್ಕ ಈಗಲೂ ಇಂಚು, ಇಂಚಿನ ನೂರನೇ ಭಾಗವಾದ ಸೆಂಟಿನಲ್ಲಿ. ‘ನಾಲ್ಕು ಇಂಚು ಇಪ್ಪತ್ತು ಸೆಂಟು’ ಎಂದು ಒಬ್ಬರು ಫೋನಿನಲ್ಲಿ ಹೇಳಿದರೆ, ಆ ಕಡೆಯವರು ತಮ್ಮ ಅಂಗಳದ ಲೆಕ್ಕ ಹೇಳುತ್ತಾರೆ. ಪುಟದ ಅಂಚಿನಲ್ಲಿ ಪುನರ್ವಸು, ಪುಷ್ಯ, ಆಶ್ಲೇಷ ಎಂದು ಮಳೆ ನಕ್ಷತ್ರದ ಹೆಸರು. ನಡುನಡುವೆ ‘ಹೊಳೆ ತೋಟಕ್ಕೆ ನುಗ್ಗಿತು’, ‘ಕೊಳೆ ಶುರು’ ಎಂಬ ಒಂದು ಸಾಲು. ಅಜ್ಜನ ಕೈಬರಹ ಅಪ್ಪನದಾಗಿ, ಅಪ್ಪನದು ಮಗನದಾಗಿ ಮುಂದುವರಿದ ಇಂಥ ಪುಸ್ತಕವನ್ನು ಕೈಯಲ್ಲಿ ಹಿಡಿದಾಗ ನನಗೆ ಅದು ಬರೀ ಹಳೆಯ ದಾಖಲೆ ಅನ್ನಿಸುವುದಿಲ್ಲ. ಮುಂದಿನ ಮಳೆಗಾಲ ಹೇಗಿರಬಹುದು ಎಂದು ಕೇಳುವವರೆಲ್ಲ ಇಂಥ ಪುಸ್ತಕವನ್ನೇ ತೆರೆಯಬೇಕು.

ಕನ್ನಡದಲ್ಲಿ ‘ಭವಿಷ್ಯ’ ಎಂದ ಕೂಡಲೇ ಕಣ್ಣಿಗೆ ಬರುವುದು ಪತ್ರಿಕೆಯ ದಿನಭವಿಷ್ಯ. ಹೀಗಾಗಿ ‘ಭವಿಷ್ಯ ಅಧ್ಯಯನ’ ಎಂಬ ವಿಷಯವೇ ಇದೆ, ಅದಕ್ಕೆ ವಿಶ್ವವಿದ್ಯಾಲಯಗಳಲ್ಲಿ ವಿಭಾಗಗಳಿವೆ ಎಂದರೆ ಜನ ನಗುತ್ತಾರೆ. ಇದೆ. 1971ರಲ್ಲಿ ಹವಾಯಿಯ ಶಾಸನಸಭೆಯೇ ಮುಂದಾಗಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಅಂಥ ಕೇಂದ್ರ ತೆರೆಯಿತು. ಅದನ್ನು ದಶಕಗಳ ಕಾಲ ನಡೆಸಿದ ಜಿಮ್ ಡೇಟರ್ ಅವರ ಪಾಠದ ಮೊದಲ ಮಾತೇ, ನಾಳೆ ಇನ್ನೂ ಹುಟ್ಟಿಲ್ಲ, ಆದ್ದರಿಂದ ಅದನ್ನು ಮೊದಲೇ ನುಡಿಯಲು ಬಾರದು ಎಂಬುದು. ಬರಬಹುದಾದ ಹಲವು ನಾಳೆಗಳನ್ನು ಮುಂದಿಟ್ಟುಕೊಂಡು, ನಮಗೆ ಬೇಕಾದದ್ದು ಯಾವುದು ಎಂದು ಮಾತಾಡುವುದೇ ಕೆಲಸ. ನೆರೆಯ ಕೇರಳ ವಿಶ್ವವಿದ್ಯಾಲಯದಲ್ಲೂ 1990ರಿಂದ ಭವಿಷ್ಯ ಅಧ್ಯಯನದ ವಿಭಾಗವಿದೆ. ನಮ್ಮ ರಾಜ್ಯದಲ್ಲಿ ಈ ಕೆಲಸವನ್ನು, ಅದರಲ್ಲೂ ಮಲೆನಾಡಿಗಾಗಿ, ಬೇರೆ ಹೆಸರಿನಲ್ಲಿ ಮಾಡಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರ. 1983ರಲ್ಲಿ ಮಾಧವ ಗಾಡ್ಗೀಳರು ಕಟ್ಟಿದ್ದು.

ಕೇಂದ್ರ ಹುಟ್ಟುವುದಕ್ಕೂ ಮೊದಲಿನ ಒಂದು ಸಂಗತಿ ಹೇಳಲೇಬೇಕು. 1975ರ ಹೊತ್ತಿಗೆ ರಾಜ್ಯದ ಬಿದಿರು ಮುಗಿಯುತ್ತ ಬಂದಿತ್ತು. ಬುಟ್ಟಿ ಹೆಣೆಯುವವರು ಬಿದಿರಿಲ್ಲದೆ ಸರ್ಕಾರದ ಮುಂದೆ ಅಳಲು ತೋಡಿಕೊಂಡರು. ಕಾಗದ ಕಾರ್ಖಾನೆಗೆ ಟನ್ನಿಗೆ ಒಂದೂವರೆ ರೂಪಾಯಿಯಂತೆ ಬಿದಿರು ಹೋಗುತ್ತಿದ್ದ ಕಾಲ ಅದು. ಸರ್ಕಾರ ಗಾಡ್ಗೀಳರನ್ನು ಕಾಡಿಗೆ ಕಳಿಸಿತು. ಬಿದಿರು ಮೆಳೆಯ ಬುಡದಲ್ಲಿ ಮುಳ್ಳುಗೊಂಬೆಗಳು ಹೆಣೆದುಕೊಂಡು ಬೇಲಿಯ ಹಾಗೆ ನಿಂತಿರುತ್ತವೆ. ಆ ಮುಳ್ಳು ಸವರಿದರೆ ಮೆಳೆಗೆ ಒಳ್ಳೆಯದು, ಗಳ ಚೆನ್ನಾಗಿ ಬರುತ್ತದೆ ಎಂಬುದು ಅರಣ್ಯಾಧಿಕಾರಿಗಳ ನಂಬಿಕೆಯಾಗಿತ್ತು. ಹಾಗೆ ಸವರಿದ್ದರಿಂದಲೇ ಹೊಸ ಕಳಲೆಗೆ ಕಾವಲಿಲ್ಲದಂತಾಗಿ ದನ, ಹಂದಿ, ಮುಳ್ಳುಹಂದಿ ಎಲ್ಲವೂ ತಿಂದು ಮುಗಿಸುತ್ತಿವೆ ಎಂದು ಗಾಡ್ಗೀಳರ ಅಧ್ಯಯನ ತೋರಿಸಿತು. ಇದು ಊರಿನವರಿಗೆ ಮೊದಲೇ ಗೊತ್ತಿತ್ತು. ಕಳಲೆ ಕೀಳಲು ಹೋಗುವ ನೆಮ್ಮಾರಿನ ಹೆಂಗಸನ್ನು ಕೇಳಿದ್ದರೂ, ಮುಳ್ಳಿನ ಒಳಗಿದ್ದದ್ದು ಉಳಿಯುತ್ತದೆ ಎಂದು ಹೇಳುತ್ತಿದ್ದಳು. ಕೇಳಿರಲಿಲ್ಲ, ಅಷ್ಟೇ. ಕಾಡಿನ ನಾಳೆಯನ್ನು ಕಾಡಿನ ಪಕ್ಕ ಬದುಕುವವರ ಬಾಯಿಂದ ಕೇಳಿ ಬರೆಯಬೇಕು ಎಂಬ ಗಾಡ್ಗೀಳರ ಹಟಕ್ಕೆ ಈ ಬಿದಿರಿನ ಬುಡವೇ ಬೇರು ಎಂದು ನನಗನ್ನಿಸುತ್ತದೆ.

ಆ ಹಟ 1990ರ ದಶಕದಲ್ಲಿ ಒಂದು ರೂಪ ಪಡೆಯಿತು: ಜನತಾ ಜೀವವೈವಿಧ್ಯ ದಾಖಲೆ. ದೇಶದ ಐವತ್ತಕ್ಕೂ ಹೆಚ್ಚು ಊರುಗಳಲ್ಲಿ ಕಾಲೇಜು ಅಧ್ಯಾಪಕರು, ವಿದ್ಯಾರ್ಥಿಗಳು, ಊರಿನ ತಿಳಿದವರು ಕೂತು ಬರೆದರು. ಅವುಗಳಲ್ಲಿ ಘಾಟಿಯ ಕೆಳಗಿನ ಮಾಳವೂ ಒಂದು. ದಾಖಲೆ ಎಂದರೆ ಗಿಡಮರದ ಪಟ್ಟಿ ಎಂದುಕೊಂಡವರೇ ಹೆಚ್ಚು. ಪಟ್ಟಿ ಅದರ ಒಂದು ಭಾಗ ಮಾತ್ರ. ಹೊಳೆಯಲ್ಲಿ ಯಾವ ಮೀನು ಮೊದಲಿತ್ತು, ಈಗ ಯಾಕಿಲ್ಲ? ಉಪ್ಪಾಗೆ, ವಾಟೆಹುಳಿ, ರಾಮಪತ್ರೆ ಯಾರು ಕೊಯ್ಯುತ್ತಾರೆ, ಕೊಂಬೆ ಕಡಿದು ಕೊಯ್ಯುತ್ತಾರಾ, ಬಿದ್ದದ್ದು ಹೆಕ್ಕುತ್ತಾರಾ? ಜಾನುವಾರು ಇಟ್ಟವನಿಗೂ ತೋಟದವನಿಗೂ ಕೂಲಿಗೆ ಹೋಗುವವಳಿಗೂ ಕಾಡಿನಿಂದ ಬೇಕಾದದ್ದು ಒಂದೇನಾ? ಇಷ್ಟಾದ ಮೇಲೆ, ಈ ಊರು ಇನ್ನು ಮುಂದೆ ಹೇಗಿರಬೇಕೆಂದು ನಿಮ್ಮ ಆಸೆ, ಅದಕ್ಕೆ ಕಾಡು, ನೀರು, ನೆಲವನ್ನು ಯಾರು ಹೇಗೆ ನೋಡಿಕೊಳ್ಳಬೇಕು? ನನ್ನ ಪ್ರಕಾರ ಇಡೀ ದಾಖಲೆಯ ಜೀವ ಇರುವುದು ಈ ಕೊನೆಯ ಪ್ರಶ್ನೆಯಲ್ಲಿ.

2002ರ ಜೀವವೈವಿಧ್ಯ ಕಾಯ್ದೆ ಈ ಕೆಲಸವನ್ನು ಪ್ರತಿ ಪಂಚಾಯಿತಿಯ ಹೊಣೆ ಮಾಡಿತು. ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ, ಪ್ರತಿ ಸಮಿತಿಗೂ ದಾಖಲೆ. ಆಮೇಲೆ ಹಸಿರು ನ್ಯಾಯಮಂಡಳಿ ಗಡುವು ಹಾಕಿದಾಗ ದೇಶದ ತುಂಬ ಗಡಿಬಿಡಿಯಲ್ಲಿ ದಾಖಲೆಗಳು ತಯಾರಾದವು. ಒಂದು ಊರಿನ ಪಟ್ಟಿ ಇನ್ನೊಂದು ಊರಿಗೆ ಹೊಂದಿತು. ಗಿಡದ ಹೆಸರು ಸರಿ ಇರಬಹುದು, ಆದರೆ ಜಗಲಿ ಮೇಲೆ ಕೂತು ಆಡಬೇಕಿದ್ದ ಮಾತು ಅದರಲ್ಲಿಲ್ಲ. ಈ ನಷ್ಟ ನನ್ನನ್ನು ಬಹಳ ನೋಯಿಸುತ್ತದೆ.

ಗಾಡ್ಗೀಳರು ಕಟ್ಟಿದ ಅದೇ ಪರಿಸರ ವಿಜ್ಞಾನ ಕೇಂದ್ರದಲ್ಲಿ ಟಿ.ವಿ. ರಾಮಚಂದ್ರ ಅವರ ತಂಡ ಮಾಡುತ್ತಿರುವುದು ಇನ್ನೊಂದು ಬಗೆಯ ಕೆಲಸ. ದಶಕಗಳ ಉಪಗ್ರಹ ಚಿತ್ರಗಳನ್ನು ಜೋಡಿಸಿ, ನೆಲವನ್ನು ಚೌಕ ಚೌಕವಾಗಿ ಮಾಡಿ, ಕಾಡಿನ ಚೌಕದ ಸುತ್ತ ತೋಟವೋ ರಸ್ತೆಯೋ ಕಟ್ಟಡವೋ ಬಂದರೆ ಆ ಚೌಕವೂ ಮುಂದೆ ಬದಲಾಗುವ ಸಾಧ್ಯತೆ ಎಷ್ಟು ಎಂದು ಲೆಕ್ಕ ಹಾಕುವುದು. ಉತ್ತರ ಕನ್ನಡದ ಕಾಡಿನ ಬಗ್ಗೆ ಹೀಗೆ ಮುಂದಿನ ನಕ್ಷೆಗಳನ್ನು ಅವರು ಬಿಡಿಸಿದ್ದಾರೆ. ಮೇಲಿನಿಂದ ನೋಡಿದ ನಾಳೆ ಅದು. ಬೇಕು. ಆದರೆ ಆ ಚೌಕದೊಳಗೆ ಇರುವ ಮನೆಯವರು ಏನಂದುಕೊಂಡಿದ್ದಾರೆ ಎಂಬುದು ಉಪಗ್ರಹಕ್ಕೆ ಕಾಣುವುದಿಲ್ಲ.

ನೆಮ್ಮಾರಿನ ಸುತ್ತಲಿನ ಇತ್ತೀಚಿನ ಅರ್ಧ ಶತಮಾನ ನೋಡಿದರೆ, ಇಲ್ಲಿನ ನಾಳೆಯನ್ನು ಬಿಡಿಸಿದವರೆಲ್ಲ ದೂರದಲ್ಲಿ ಕೂತವರು. ಗುಡ್ಡದ ಆಚೆ, ಭದ್ರೆಯ ಕಡೆ, ಕುದುರೆಮುಖದಲ್ಲಿ ಕಬ್ಬಿಣದ ಅದಿರಿಗಾಗಿ ಬೆಟ್ಟ ಅಗೆದರು. ಅರೆದ ಅದಿರು ನೀರಿನ ಜೊತೆ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಇಳಿಯುತ್ತಿತ್ತು, ಮಳೆಗಾಲದಲ್ಲಿ ಕೆಂಪು ಹೂಳು ಭದ್ರೆಗೆ ಇಳಿಯುತ್ತಿತ್ತು. ಸುಪ್ರೀಂ ಕೋರ್ಟ್ 2002ರಲ್ಲಿ ಕೊಟ್ಟ ತೀರ್ಪಿನ ಫಲವಾಗಿ 2005ರ ಕೊನೆಗೆ ಗಣಿ ನಿಂತಿತು. ಇತ್ತ 1987ರಲ್ಲಿ ಶುರುವಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಘೋಷಣೆ 2001ರಲ್ಲಿ ಅಂತಿಮವಾಯಿತು. 600 ಚದರ ಕಿಲೋಮೀಟರಿನ ಆ ಗೆರೆಯ ಒಳಗೆ ತಲೆಮಾರುಗಳಿಂದ ಇದ್ದವರು ಒಂದು ಬೆಳಿಗ್ಗೆ ಎದ್ದಾಗ ತಮ್ಮದೇ ಮನೆಯಲ್ಲಿ ಹೊರಗಿನವರಾಗಿದ್ದರು. ಸಿಂಗಳೀಕಕ್ಕೂ ಹುಲಿಗೂ ಆ ಕಾಡು ಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಒಕ್ಕಲೆಬ್ಬಿಸುತ್ತಾರೆ ಎಂಬ ಭಯ ಈ ಕಣಿವೆಯಲ್ಲಿ ಹುಟ್ಟಿಸಿದ ಸಿಟ್ಟು, ಬಂದೂಕಿನ ದಾರಿ ಹಿಡಿದ ಯುವಕ ಯುವತಿಯರು, ಅದರಿಂದ ಎರಡೂ ಕಡೆ ಹೋದ ಜೀವಗಳು ಮರೆಯುವಂಥವಲ್ಲ. 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಶರಣಾದಾಗ ಅವರಲ್ಲಿ ಶೃಂಗೇರಿ ಸೀಮೆಯವರೂ ಇದ್ದರು. ಊರಿನ ನಾಳೆಯ ಬಗ್ಗೆ ಊರನ್ನು ಕೇಳದೆ ಹೋದದ್ದರ ಬೆಲೆ ಇದು ಎಂದೇ ನಾನು ಓದಿಕೊಳ್ಳುತ್ತೇನೆ.

ಪಶ್ಚಿಮಘಟ್ಟದ ವರದಿಗಳ ಕತೆಯೂ ಇದೇ ದಾರಿಯಲ್ಲಿ ಹೋಯಿತು. 2011ರಲ್ಲಿ ಗಾಡ್ಗೀಳರ ಸಮಿತಿ ವರದಿ ಕೊಟ್ಟಿತು. ಅದನ್ನು ಸ್ಥಳೀಯ ಭಾಷೆಗಳಿಗೆ ತಂದು ಗ್ರಾಮಸಭೆಗಳ ಮುಂದಿಡಿ, ಅವರು ತಿದ್ದಲಿ ಎಂದು ಅವರು ಕೊನೆಯವರೆಗೂ ಕೇಳಿಕೊಂಡರು. ಹಾಗಾಗಲಿಲ್ಲ. 2013ರಲ್ಲಿ ಕಸ್ತೂರಿರಂಗನ್ ವರದಿ ಬಂತು, ಅದರ ಮೇಲೆ ಕರಡು ಅಧಿಸೂಚನೆಗಳು ಒಂದರ ಹಿಂದೆ ಒಂದು. 2024ರ ಜುಲೈ ಕೊನೆಯಲ್ಲಿ ಬಂದದ್ದು ಆರನೆಯದು. ರಾಜ್ಯದ 20,668 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ಪ್ರದೇಶವೆಂದು ಅದರಲ್ಲಿತ್ತು. ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಅದನ್ನು ತಿರಸ್ಕರಿಸಿತು. ಇಷ್ಟು ವರ್ಷ ಪರ–ವಿರೋಧದ ಸಭೆಗಳಲ್ಲಿ ವರದಿಯ ಹೆಸರು ಕೂಗಿದ್ದು ಕೇಳಿದ್ದೇವೆ; ವರದಿಯ ಪುಟವೊಂದನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ, ‘ಇದು ನಮ್ಮೂರಿಗೆ ಸರಿಯಾ’ ಎಂದು ಕೇಳಿದ ಗ್ರಾಮಸಭೆಗಳು ಎಷ್ಟಿದ್ದವು?

ಈಗ ತೋಟಕ್ಕೆ ಇಳಿಯೋಣ, ಏಕೆಂದರೆ ನೆಮ್ಮಾರಿನವರಿಗೆ ವರದಿಗಿಂತ ಹತ್ತಿರದ ಚಿಂತೆ ಅಲ್ಲಿದೆ. ಹಳದಿ ಎಲೆ ರೋಗ. 1914ರ ಸುಮಾರಿಗೆ ಕೇರಳದಲ್ಲಿ ಮೊದಲು ಕಂಡದ್ದು, ಶೃಂಗೇರಿ–ಕೊಪ್ಪ ಸೀಮೆಗೆ ಬಂದು ದಶಕಗಳಾದವು. ಎಲೆಯ ತುದಿ ಹಳದಿಯಾಗುತ್ತದೆ, ಸುಳಿ ವರ್ಷ ವರ್ಷಕ್ಕೆ ಸಣ್ಣದಾಗುತ್ತದೆ, ಅಡಿಕೆ ಕೊನೆಯಲ್ಲಿ ಕಾಯಿ ಕಡಿಮೆಯಾಗುತ್ತ ಉಳಿದದ್ದರ ತಿರುಳು ಕಪ್ಪಾಗುತ್ತದೆ. ಮರ ಕೂಡಲೇ ಸಾಯುವುದಿಲ್ಲ, ಅದೇ ಸಂಕಟ. ಕಡಿಯಲು ಮನಸ್ಸು ಬರುವುದಿಲ್ಲ, ಇಟ್ಟುಕೊಂಡರೆ ಏನೂ ಸಿಗುವುದಿಲ್ಲ. ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಕಾರಣ, ರಸ ಹೀರುವ ಸಣ್ಣ ಜಿಗಿಹುಳು ಅದನ್ನು ಹರಡುತ್ತದೆ. ಕೊಳೆ ರೋಗಕ್ಕೆ ಮೈಲುತುತ್ತ, ಸುಣ್ಣ ಇದೆ. ಈ ಹಳದಿಗೆ ಹೊಡೆಯುವ ಮದ್ದಿಲ್ಲ.

ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಶೃಂಗೇರಿಯಲ್ಲೇ ಇದೆ, ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರ ಘಾಟಿಯ ಕೆಳಗಿದೆ. ಹಳದಿ ರೋಗಕ್ಕೆ ವಿಜ್ಞಾನಿಗಳು ಹಿಡಿದಿರುವ ದಾರಿ ಕೇಳಲು ಸರಳ, ನಡೆಯಲು ಉದ್ದ. ಪೂರ್ತಿ ಹಳದಿಯಾದ ತೋಟದ ನಡುವೆ ಎಲ್ಲೋ ಒಂದು ಮರ ವರ್ಷಗಟ್ಟಲೆ ಹಸಿರಾಗಿಯೇ ನಿಂತಿರುತ್ತದೆ. ಅಂಥ ಮರಗಳನ್ನು ಹುಡುಕಿ, ಒಂದರ ಹೂವಿಗೆ ಇನ್ನೊಂದರ ಪರಾಗ ಕೊಟ್ಟು, ಸಸಿ ಮಾಡಿ, ನೆಟ್ಟು, ಅದು ಬೆಳೆದು ರೋಗದ ಬಾಯಿಗೆ ಬಿದ್ದೂ ಉಳಿಯುತ್ತದಾ ಎಂದು ನೋಡುವುದು. ಅಂಗಾಂಶ ಕೃಷಿಯಲ್ಲೂ ಅದೇ ಮರಗಳನ್ನು ಹೆಚ್ಚಿಸುವ ಪ್ರಯತ್ನವಿದೆ. ಒಂದು ಸುತ್ತು ಮುಗಿಯಲು ಹತ್ತು ಹದಿನೈದು ವರ್ಷ. ಕೆಲಸ ಶುರುಮಾಡಿದ ವಿಜ್ಞಾನಿ ನಿವೃತ್ತರಾಗುತ್ತಾರೆ, ಮರ ಉಳಿಯುತ್ತದೆ. ಯಾವ ತೋಟದಲ್ಲಿ, ಯಾವ ಸಾಲಿನಲ್ಲಿ ಆ ಹಸಿರು ಮರ ಇದೆ ಎಂದು ಗೊತ್ತಿರುವುದು ಯಾರಿಗೆ? ದಿನಾ ತೋಟಕ್ಕೆ ಹೋಗುವವರಿಗೆ, ಕೊನೆ ಇಳಿಸುವವನಿಗೆ. ಮಾಳದ ದಾಖಲೆಯ ಮಾದರಿಯಲ್ಲಿ ನೆಮ್ಮಾರಿನ ಪಂಚಾಯಿತಿ ಹೊಸದಾಗಿ ಬರೆಯಲು ಕೂತರೆ, ಮೊದಲ ಪುಟದಲ್ಲಿ ಈ ಮರಗಳು ಬರಲಿ ಎಂದು ನನ್ನ ಆಸೆ. ಎರಡನೆಯ ಪುಟಕ್ಕೆ ಮನೆಮನೆಯ ಮಳೆಪುಸ್ತಕದ ಅಂಕಿಗಳು, ಶಾಲೆಯ ಮಕ್ಕಳು ಕೂತು ಇಳಿಸಿಕೊಂಡದ್ದು. ಮೂರನೆಯದಕ್ಕೆ ಆನೆ. ಮೊದಲು ಈ ಕಡೆ ಅಷ್ಟಾಗಿ ಇರದಿದ್ದ ಕಾಡಾನೆ ಈಗ ಕೆರೆಕಟ್ಟೆಯ ಸುತ್ತ ಜನರ ಜೀವವನ್ನೂ ತೆಗೆದಿದೆ. ಅದು ಎಂದು, ಯಾವ ದಾರಿಯಲ್ಲಿ ಬಂತು ಎಂಬ ನೆನಪು ಇನ್ನೂ ಹಸಿಯಾಗಿರುವಾಗಲೇ ಬರೆಯಬೇಕು.

ಇಲ್ಲಿಂದ ಕಿಗ್ಗ ದೂರವಿಲ್ಲ. ಮಳೆ ಬಾರದಿದ್ದರೂ ಅತಿಯಾದರೂ ಜನ ಅಲ್ಲಿನ ಋಷ್ಯಶೃಂಗನ ಮುಂದೆ ನಿಲ್ಲುತ್ತಾರೆ. ಹಾಗೆ ನಿಂತು ಮನೆಗೆ ಬಂದವರೇ ಮರುದಿನ ಬೆಳಿಗ್ಗೆ ಮಳೆಮಾಪಕದ ನೀರು ಅಳೆಯುತ್ತಾರೆ. ನಾನು ಈ ಸಲ ಹೋದಾಗ ಹೊಳೆಯಂಚಿನ ತೋಟವೊಂದರಲ್ಲಿ ಸುತ್ತಲಿನ ಮರಗಳೆಲ್ಲ ಸೊರಗಿ, ಒಂದೇ ಒಂದು ಹಸಿರಾಗಿ ನಿಂತಿತ್ತು. ಉಳಿದ ಮರಗಳ ಕೊನೆ ಇಳಿಸಿಯಾಗಿತ್ತು. ಆ ಮರದ ಕೊನೆಯನ್ನು ಮಾತ್ರ, ಬೀಜಕ್ಕೆಂದು ಗೋಟಾಗಲು ಹಾಗೆಯೇ ಬಿಟ್ಟಿದ್ದರು. ಬುಡಕ್ಕೆ ಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದರು.